ಮುರಿದ ಹಲ್ಲಿನ ಜೀಪು

ಅಕ್ಕ ಹಲ್ಲಿನ ಡಾಕ್ಟರು, ತಮ್ಮ ಕಬ್ಬಿಣದ ಗೇಟು ಮಾಡುವವನು. ಇಬ್ಬರ ಕೆಲಸವೂ ಒಂದೇ ಸೂರಿನಡಿ. ಬೀದಿಗೆ ಮುಖ ಮಾಡಿದ ಕೋಣೆ ಅಕ್ಕನ ಕ್ಲಿನಿಕ್ಕು, ಹಿತ್ತಿಲಿನ ತಗಡಿನ ಶೆಡ್ಡು ತಮ್ಮನ ವರ್ಕ್‌ಶಾಪು, ನಡುವೆ ಅಡುಗೆಮನೆ ಮತ್ತು ಎರಡು ಮಲಗುವ ಕೋಣೆ. ಮುಂದೆ ಡ್ರಿಲ್ಲು ಕುಂಯ್ ಎನ್ನುವಾಗ ಹಿಂದೆ ಗ್ರೈಂಡರು ಕಿರ್ರ್ ಎನ್ನುತ್ತಿತ್ತು. ಹೊಸದಾಗಿ ಬಂದ ರೋಗಿಗಳು ಆ ಎರಡನೆಯ ಸದ್ದಿಗೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿಯುತ್ತಿದ್ದರು. "ಅದು ನಿಮಗಲ್ಲ, ಗೇಟಿಗೆ" ಎಂದು ಅಕ್ಕ ಸಮಾಧಾನ ಹೇಳುತ್ತಿದ್ದಳು.

ಅಕ್ಕನಿಗೆ ಐವತ್ತೆರಡು ವರ್ಷ. ಮದುವೆ ಬೇಡವೆಂದಿದ್ದಳು; ಯಾಕೆಂದು ವಿಚಾರಿಸಬಹುದಾದವರೆಲ್ಲ ಅವಳ ಮುಂದೆ ಬಾಯಿ ತೆರೆದು ಮಲಗುವವರೇ ಆದ್ದರಿಂದ ಆ ಮಾತು ಬೆಳೆಯಲಿಲ್ಲ. ಇಪ್ಪತ್ತಾರು ವರ್ಷ ಅಂಗೈಯಗಲದ ಬಾಯಿಗಳೊಳಗೆ ಬಗ್ಗಿ ನೋಡಿ ನೋಡಿ, ಒಂದು ದೊಡ್ಡ ವಸ್ತುವನ್ನು ಎರಡೂ ಕೈಯಲ್ಲಿ ಹಿಡಿದು ರಿಪೇರಿ ಮಾಡಬೇಕೆಂಬ ಆಸೆ ಅವಳಿಗೆ ಯಾವಾಗ ಹುಟ್ಟಿತೋ ಅವಳಿಗೇ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಊರಾಚೆಯ ಇಟ್ಟಿಗೆಗೂಡಿನ ಯಜಮಾನರು ಕುರ್ಚಿಗೆ ಬಂದ ದಿನ.

ಯಜಮಾನರು ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟಿಗೆ ಅಚ್ಚು ತೆಗೆಯಬೇಕಿತ್ತು. ಅವರಿಗೆ ಹೆದರಿಕೆ. ಮಾತಿಗೆ ಮಾತು ಪೋಣಿಸಿ ಹೊತ್ತು ಕಳೆಯುತ್ತಿದ್ದರು.

"ಬಾಯಿ ತೆಗೀರಿ ಯಜಮಾನ್ರೇ."

"ತೆಗೀತೀನಿ ಡಾಕ್ಟ್ರೇ, ಓಡಿ ಹೋಗ್ತೀನಾ? ಒಂದು ವಿಷಯ ಹೇಳಿಬಿಡ್ತೀನಿ. ನನ್ನ ಹಳೇ ಜೀಪಿದೆಯಲ್ಲ, ಶುಕ್ರವಾರ ಗುಜರಿಯವನು ಬಂದು ತಗೊಂಡು ಹೋಗ್ತಾನೆ. ಆ ಕಾಲದಲ್ಲಿ ಅದು ಹತ್ತದ ದಿಬ್ಬ ಇರ್ಲಿಲ್ಲ. ಮಣ್ಣಿನ ಹೊಂಡದಲ್ಲಿ ಹೂತುಹೋದ ಟ್ರ್ಯಾಕ್ಟರನ್ನೇ ಎಳೀತಿತ್ತು. ಈಗ ಬಾನೆಟ್ ಒಳಗೆ ಕೋಳಿ ಮೊಟ್ಟೆ ಇಡುತ್ತೆ."

ಅಕ್ಕನ ಕೈಯಲ್ಲಿದ್ದ ಅಚ್ಚಿನ ತಟ್ಟೆ ಅರ್ಧದಲ್ಲೇ ನಿಂತಿತು. "ನಾಲ್ಕೂ ಚಕ್ರಕ್ಕೆ ಎಳೆಯೋ ಶಕ್ತಿ ಇರೋದಾ?"

"ನಾಲ್ಕಕ್ಕೂ."

"ಗುಜರಿಯವನಿಗೆ ಬೇಡ. ಹಲ್ಲಿನ ಸೆಟ್ಟು ನಾನು ಮಾಡಿಕೊಡ್ತೀನಿ, ಜೀಪು ನನಗೆ ಕೊಡಿ."

ಯಜಮಾನರ ಬಾಯಿ ತಾನಾಗಿಯೇ ತೆರೆಯಿತು. ಅಕ್ಕ ಅದೇ ಸಮಯ ನೋಡಿ ತಟ್ಟೆ ಒಳಗಿಟ್ಟಳು. ಒಪ್ಪಿಗೆಯನ್ನು ಅವರು ಮೂಗಿನಿಂದಲೇ ಹೇಳಬೇಕಾಯಿತು.

ಶನಿವಾರ ಮಧ್ಯಾಹ್ನ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಜೀಪು ಬಂತು. ಬಂತು ಎನ್ನುವುದಕ್ಕಿಂತ ಅದರ ಹೆಣ ಬಂತು ಎನ್ನಬೇಕು. ತಳದ ತಗಡು ತುಕ್ಕು ತಿಂದು ಜರಡಿಯಾಗಿತ್ತು, ಸೀಟಿನ ಜಾಗದಲ್ಲಿ ಬರೀ ಸ್ಪ್ರಿಂಗು, ಒಂದು ಟೈರಿನೊಳಗೆ ಗಿಡ ಬೇರುಬಿಟ್ಟಿತ್ತು. ತಮ್ಮ ಅದರ ಸುತ್ತ ಒಂದು ಸುತ್ತು ಬಂದು, ಚಾಸಿಯ ಮೇಲೆ ಸುತ್ತಿಗೆಯಿಂದ ಕುಟ್ಟಿ ಕಿವಿಗೊಟ್ಟ.

"ಅಕ್ಕ, ಇದನ್ನ ನೋಡಿದ್ರೆ ಗುಜರಿಯವನಿಗೂ ಅಳು ಬರ್ತಿತ್ತು."

"ಮೂಳೆ ಹೇಗಿದೆ ಹೇಳು."

ತಮ್ಮ ಮತ್ತೆ ಕುಟ್ಟಿದ. ಸದ್ದು ಗಂಟೆಯಂತೆ ಹೊರಟಿತು. ಅವನ ಮುಖ ಬದಲಾಯಿತು. "ಮೂಳೆ ಗಟ್ಟಿ ಇದೆ" ಎಂದ, ಇಷ್ಟವಿಲ್ಲದವನಂತೆ. ಆದರೆ ಸುತ್ತಿಗೆ ಕೆಳಗಿಡದೆ ಜೀಪಿನ ಕೆಳಗೆ ನುಸುಳಿದವನು ಚಹಾಕ್ಕೆ ಕರೆದರೂ ಹೊರಗೆ ಬರಲಿಲ್ಲ.

ಆ ಸಂಜೆ ಬಸ್ಸಿನ ಡ್ಯೂಟಿ ಮುಗಿಸಿ ಬಂದ ತಮ್ಮನ ಹೆಂಡತಿ ಹಿತ್ತಿಲ ಬಾಗಿಲಲ್ಲಿ ನಿಂತಳು. ಅವಳು ಕಂಡಕ್ಟರು. ಖಾಕಿ ಅಂಗಿ, ಕೊರಳಲ್ಲಿ ಸೀಟಿ. ಗಂಡನ ಎರಡು ಕಾಲು ಜೀಪಿನ ಒಂದು ಬದಿಯಿಂದಲೂ ಅತ್ತಿಗೆಯ ಎರಡು ಕಾಲು ಇನ್ನೊಂದು ಬದಿಯಿಂದಲೂ ಚಾಚಿಕೊಂಡಿದ್ದವು.

"ಒಳಗೆ ಜಾಗ ಇದೆಯಾ, ಇಲ್ಲ ನಿಂತ್ಕೊಂಡೇ ಬರ್ಬೇಕಾ?" ಎಂದು ಕೇಳಿ, ಅಂಗಿಯ ತೋಳು ಮಡಚಿದಳು.

ಅಲ್ಲಿಂದ ಅವರ ಭಾನುವಾರಗಳೆಲ್ಲ ಜೀಪಿನ ಪಾಲಾದವು. ವಾರದ ದಿನಗಳಲ್ಲೂ ಕೊನೆಯ ರೋಗಿ ಮೆಟ್ಟಿಲಿಳಿಯುತ್ತಿದ್ದಂತೆ ಅಕ್ಕ ಬಿಳಿ ಕೋಟು ಕಳಚಿ ತಮ್ಮನ ಹಳೆಯ ಅಂಗಿ ತೊಟ್ಟು ಹಿಂದಕ್ಕೆ ಓಡುತ್ತಿದ್ದಳು. ಮೊದಲು ಮೈ ಬಿಚ್ಚಿದರು, ಆಮೇಲೆ ಎಂಜಿನ್ನು, ಆಮೇಲೆ ಸ್ಪ್ರಿಂಗ್ ಪಟ್ಟಿಗಳು. ಕಂಡಕ್ಟರು ಒಂದೊಂದು ಬೋಲ್ಟನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹಳೆಯ ಟಿಕೆಟಿನ ಹಿಂದೆ ಎಲ್ಲಿಯದೆಂದು ಬರೆದು ಕಟ್ಟುತ್ತಿದ್ದಳು. ತಮ್ಮ ತುಕ್ಕು ತಿಂದ ತಳವನ್ನು ಪೂರ್ತಿ ಕತ್ತರಿಸಿ ತೆಗೆದು ಹೊಸ ತಗಡು ಬೆಸೆದ. ಗೇಟಿಗೆ ಹೂಬಳ್ಳಿ ಬೆಸೆಯುವ ಕೈ ಅವನದು. ಬೆಸುಗೆ ಎಲ್ಲಿದೆಯೆಂದು ಬೆರಳಾಡಿಸಿದರೂ ತಿಳಿಯುತ್ತಿರಲಿಲ್ಲ. ಕಾರ್ಬೊರೇಟರಿನ ಕೂದಲೆಳೆಯಂಥ ತೂತುಗಳು ಹನ್ನೆರಡು ವರ್ಷದ ಕೊಳೆ ತುಂಬಿ ಮುಚ್ಚಿಹೋಗಿದ್ದವು. ಅಕ್ಕ ಹಲ್ಲಿನ ಬೇರು ಶುಚಿ ಮಾಡುವ ಸೂಜಿಗಳನ್ನು ತಂದು, ತಲೆಗೆ ದೀಪ ಕಟ್ಟಿಕೊಂಡು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದನ್ನೂ ಬಿಡಿಸಿದಳು.

"ಇದಕ್ಕೆ ನೋವಾಗಲ್ಲ, ಬಾಯಿ ಮುಚ್ಚಲ್ಲ, ನಡುವೆ ಮಾತಾಡಲ್ಲ. ಇಂಥ ರೋಗಿ ನನಗೆ ಯಾವತ್ತೂ ಸಿಕ್ಕಿಲ್ಲ" ಎಂದಳು.

ಎಂಜಿನ್ನಿನ ಪಿಸ್ಟನ್ನುಗಳು ಮಾತ್ರ ತುಕ್ಕಿಗೆ ಅಂಟಿಕೊಂಡು ಹಟ ಹಿಡಿದಿದ್ದವು. ಸಿಲಿಂಡರುಗಳಿಗೆ ಡೀಸೆಲ್ಲು ಸುರಿದು ಮೂರು ವಾರ ನೆನೆಹಾಕಿದರು. ದಿನಾ ಬೆಳಿಗ್ಗೆ ಕ್ಲಿನಿಕ್ಕು ತೆರೆಯುವ ಮೊದಲು ಅಕ್ಕ ಹ್ಯಾಂಡಲ್ ಹಾಕಿ ಒಮ್ಮೆ ಒತ್ತಿ ನೋಡುವಳು. ಬಂಡೆಯನ್ನು ಒತ್ತಿದ ಹಾಗೆ. ಇಪ್ಪತ್ತೆರಡನೆಯ ದಿನ ಒತ್ತಿದಾಗ ಹ್ಯಾಂಡಲ್ ಒಂದು ಬೆರಳಿನಷ್ಟು ಕೆಳಗೆ ಹೋಯಿತು. ಅವಳಿಗೆ ನಂಬಿಕೆ ಬರಲಿಲ್ಲ. ಮತ್ತೆ ಒತ್ತಿದಳು. ಇನ್ನೊಂದು ಬೆರಳು. ತಮ್ಮನನ್ನು ಕೂಗಿದಳು. ಹಲ್ಲುಜ್ಜುತ್ತಿದ್ದ ತಮ್ಮ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿಬಂದ. ಇಬ್ಬರೂ ಸೇರಿ ತೂಗಿದರು, ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ಒಮ್ಮೆಲೇ ಒಳಗಿನಿಂದ ನಿಟ್ಟುಸಿರಿನಂಥ ಸದ್ದು ಬಂದು ಹ್ಯಾಂಡಲ್ ಪೂರ್ತಿ ಒಂದು ಸುತ್ತು ತಿರುಗಿತು. ಆ ದಿನದ ಮೊದಲ ರೋಗಿಗೆ ಡಾಕ್ಟರ ಹಣೆಯ ಮೇಲೆ ಯಾಕೆ ಮಸಿ ಎಂಬುದು ತಿಳಿಯಲಿಲ್ಲ. ಇಷ್ಟು ನಗುನಗುತ್ತಾ ಯಾರೂ ಅವನ ಹಲ್ಲು ಕಿತ್ತಿರಲಿಲ್ಲ.

ಎಂಜಿನ್ನು ಶುರುವಾದದ್ದು ಅದಾದ ಒಂದೂವರೆ ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ. ಹೊಸ ರಿಂಗು, ಹೊಸ ವೈರು, ಹೊಸ ಬ್ಯಾಟರಿ. ಪೆಟ್ರೋಲು ಡಬ್ಬಿಯೊಂದನ್ನು ಮೇಲೆ ನೇತುಹಾಕಿ ಪೈಪು ಬಿಟ್ಟಿದ್ದರು. ಕಂಡಕ್ಟರು ಬಕೆಟ್ಟಿನಲ್ಲಿ ಮರಳು ಹಿಡಿದು ನಿಂತಳು. ತಮ್ಮ ಕೀಲಿ ತಿರುಗಿಸಿದ. ಕೆಮ್ಮಿತು, ಸುಮ್ಮನಾಯಿತು. ಮತ್ತೆ ಕೆಮ್ಮಿತು. ಅಕ್ಕ ಕಾರ್ಬೊರೇಟರಿನ ತಿರುಪನ್ನು ಅಕ್ಕಿಕಾಳಿನಷ್ಟು ತಿರುಗಿಸಿ, "ಈಗ" ಎಂದಳು.

ಹೊಗೆ, ಒಂದು ಗುಂಡೇಟಿನಂಥ ಸದ್ದು, ಆಮೇಲೆ ತಡವರಿಸುತ್ತ, ಎಡವುತ್ತ, ಕೊನೆಗೆ ಒಂದೇ ಲಯಕ್ಕೆ ಬಂದ ನಾಲ್ಕು ಸಿಲಿಂಡರುಗಳ ಗುಡುಗುಡು. ಶೆಡ್ಡಿನ ತಗಡುಗಳು ಜೊತೆಗೆ ನಡುಗಿದವು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಅಕ್ಕ ಎಂಜಿನ್ನಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಬಿಸಿ ತಾಳಲಾರದಷ್ಟಾದಾಗ ಮಾತ್ರ ತೆಗೆದಳು.

ಆಮೇಲಿನ ಕೆಲಸ ಸರಸರ ಸಾಗಿತು. ಸೀಟು ಹೊಲಿಸಿದರು, ಬ್ರೇಕು ಕೂರಿಸಿದರು, ಹಸಿರು ಬಣ್ಣ ಹೊಡೆದರು, ಓಡಾಡಿಸಲು ಬೇಕಾದ ಕಾಗದಪತ್ರ ಮಾಡಿಸಿದರು. ಊರಾಚೆ ಕೆಲಸ ನಿಂತುಹೋದ ಕಲ್ಲಿನ ಕ್ವಾರಿ ಇತ್ತು. ಅದರ ಬೆನ್ನಿನ ಮೇಲೆ ನೆತ್ತಿಯವರೆಗೆ ಕಡಿದಾದ ದಾರಿ, ಮೊದಲು ಲಾರಿಗಳು ಹತ್ತುತ್ತಿದ್ದದ್ದು, ಈಗ ನೀರು ಕೊರೆದು ಬರೀ ಕಲ್ಲು ಕೊರಕಲು. ಜೀಪು ಹತ್ತಿಸಬೇಕಾದ್ದು ಅಲ್ಲಿಗೇ ಎಂದು ಅಕ್ಕ ಮೊದಲೇ ತೀರ್ಮಾನಿಸಿದ್ದಳು. ವರ್ಷಗಟ್ಟಲೆ ಕ್ಲಿನಿಕ್ಕಿಗೆ ಬೇಕಾದ ಸಾಮಾನು ತರಲು ಪುಟ್ಟ ಕಾರು ಓಡಿಸಿದ ಕೈ ಅವಳದು. ಆದರೂ ಆ ದಿಬ್ಬದ ಬುಡದಲ್ಲಿ ಇಳಿದು ದಾರಿಯನ್ನೊಮ್ಮೆ ನಡೆದು ನೋಡಿಕೊಂಡು ಬಂದಳು.

ಮೊದಲ ಏರು ಹತ್ತಿತು. ಎರಡನೆಯದರಲ್ಲಿ ಹಿಂದಿನ ಚಕ್ರಗಳು ಗರಗರ ತಿರುಗಿ ಕಲ್ಲು ಸಿಡಿಸಿದವೇ ಹೊರತು ಜೀಪು ಒಂದಡಿ ಮುಂದೆ ಹೋಗಲಿಲ್ಲ. ಅಕ್ಕ ಮುಂದಿನ ಚಕ್ರಗಳನ್ನು ಎಳೆತಕ್ಕೆ ಸೇರಿಸುವ ಚಿಕ್ಕ ಲಿವರನ್ನು ಹಾಕಿದಳು. ಏನೂ ಆಗಲಿಲ್ಲ. ತೆಗೆದು ಹಾಕಿದಳು. ಮುಂದಿನ ಚಕ್ರಗಳು ಸುಮ್ಮನೆ ಕೂತಿದ್ದವು.

"ಇವತ್ತಿಗೆ ಇಷ್ಟು ಸಾಕು ಅಕ್ಕ. ಊರಲ್ಲಿ ಓಡಾಡೋಕೆ ಎರಡು ಚಕ್ರ ಎಳೆದ್ರೆ ಧಾರಾಳ" ಎಂದ ಪಕ್ಕದಲ್ಲಿ ಕೂತಿದ್ದ ತಮ್ಮ, ಆಚೆ ನೋಡುತ್ತ.

ಕೆಳಗೆ ನಿಂತಿದ್ದ ಕಂಡಕ್ಟರು ಸೀಟಿ ಊದುತ್ತ, "ರೈಟ್, ರೈಟ್, ಇನ್ನೂ ಬರ್ಲಿ, ಹೋಲ್ಡಾನ್" ಎನ್ನುತ್ತ ಜೀಪನ್ನು ಹಿಮ್ಮುಖವಾಗಿ ಇಳಿಸಿಕೊಂಡಳು. ಶೆಡ್ಡಿನೊಳಗೆ ಬಂದ ಮೇಲೆ ಗಂಡನ ಎದುರು ನಿಂತಳು.

"ಹದಿನೆಂಟು ವರ್ಷ ಬಸ್ಸಲ್ಲಿ ಓಡಾಡಿದ್ದೀನಿ. ಟಿಕೆಟ್ ತಗೊಳ್ಳದವರ ಮುಖ ನನಗೆ ಗೊತ್ತಾಗುತ್ತೆ. ಏನು ಮುಚ್ಚಿಟ್ಟಿದ್ದೀರಿ?"

ತಮ್ಮ ತಲೆ ಕೆರೆದುಕೊಂಡ. ಆಮೇಲೆ ಅಟ್ಟದಿಂದ ಬಣ್ಣದ ಡಬ್ಬಿಯೊಂದನ್ನು ಇಳಿಸಿ, ಬಟ್ಟೆಯಲ್ಲಿ ಸುತ್ತಿದ್ದನ್ನು ಬಿಚ್ಚಿದ. ಅಂಗೈಯಗಲದ ಗೇರು. ಐದು ಹಲ್ಲು ಬುಡಸಮೇತ ಮುರಿದಿದ್ದವು, ಉಳಿದವು ಸವೆದು ಮೊಂಡಾಗಿದ್ದವು. ಎಂಜಿನ್ನಿನ ಎಳೆತವನ್ನು ಮುಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯಲ್ಲಿದ್ದದ್ದು ಅದು. ಎರಡು ತಿಂಗಳ ಹಿಂದೆಯೇ ಅವನು ಅದನ್ನು ತೆಗೆದು, ಪೆಟ್ಟಿಗೆಯನ್ನು ಅದಿಲ್ಲದೆಯೇ ಮುಚ್ಚಿಬಿಟ್ಟಿದ್ದ.

"ಎಲ್ಲಾ ಕಡೆ ಕೇಳಿದೆ ಅಕ್ಕ. ಈ ಮಾಡೆಲ್ಲಿನ ಗೇರು ಎಲ್ಲೂ ಇಲ್ಲ. ನೀನು ಅಷ್ಟು ಖುಷಿಯಲ್ಲಿದ್ದೆ. ಹೇಳೋಕೆ ಬಾಯಿ ಬರ್ಲಿಲ್ಲ."

ಅಕ್ಕ ಗೇರನ್ನು ಕೈಗೆ ತೆಗೆದುಕೊಂಡು ಮುರಿದ ಹಲ್ಲುಗಳ ಮೇಲೆ ಬೆರಳಾಡಿಸಿದಳು. ಅವಳಿಗೆ ಸಿಟ್ಟು ಬಂದರೆ ದನಿ ಇಳಿಯುತ್ತಿತ್ತು. "ಹುಳುಕನ್ನ ಒಳಗೇ ಬಿಟ್ಟು ಮೇಲೆ ಸಿಮೆಂಟು ಮೆತ್ತಿ ನಾನು ಯಾರನ್ನಾದ್ರೂ ಮನೆಗೆ ಕಳಿಸಿದ್ದೀನೇನೋ? ಒಬ್ಬರನ್ನಾದ್ರೂ?"

"ಇಲ್ಲ."

"ಮತ್ತೆ ನನ್ನ ಜೀಪಿಗೆ ಯಾಕೋ ಮಾಡಿದೆ?"

ತಮ್ಮನಿಗೆ ನಲವತ್ತೇಳಾಗಿತ್ತು, ಆ ಕ್ಷಣ ಏಳಾದಂತೆ ಕಂಡ. "ತಪ್ಪಾಯ್ತು" ಎಂದ.

ಅಕ್ಕ ಗೇರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಎರಡು ದಿನ ತಮ್ಮನ ಜೊತೆ ಉಪ್ಪು, ನೀರು ಎನ್ನುವಷ್ಟೇ ಮಾತು. ಮೂರನೆಯ ದಿನ ಅವಳೇ ಶೆಡ್ಡಿಗೆ ಬಂದು, "ಲೇತ್ ಅಜ್ಜನ ಹತ್ರ ಹೋಗೋಣ, ಏಳು" ಎಂದಳು.

ಲೇತ್ ಅಜ್ಜ ಪೇಟೆಯ ಹಿಂಬದಿಯ ಓಣಿಯಲ್ಲಿ ಐವತ್ತು ವರ್ಷದಿಂದ ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುತ್ತಿದ್ದವರು. ಗೇರನ್ನು ದೀಪದಡಿ ಹಿಡಿದು ಸುತ್ತ ತಿರುಗಿಸಿದರು.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಹಾಗಾಯ್ತು ನಿಮ್ಮದು. ಹೊಸದು ಕಡೆದುಕೊಡ್ತೀನಿ, ಅದೇನು ದೊಡ್ಡದಲ್ಲ. ಆದ್ರೆ ಇದರಲ್ಲಿ ಒಂದು ಹಲ್ಲೂ ಸರಿ ಇಲ್ವಲ್ಲ ತಾಯಿ. ಹೊಸದಾಗಿದ್ದಾಗ ಹಲ್ಲಿನ ಆಕಾರ ಹೇಗಿತ್ತು, ಎಷ್ಟು ಓರೆ ಇತ್ತು? ಅದು ಗೊತ್ತಾಗದೆ ನಾನು ಏನು ಕಡೀಲಿ?"

"ಇದಕ್ಕೆ ಕಚ್ಚಿಕೊಳ್ಳೋ ಜೋಡಿ ಗೇರು ಪೆಟ್ಟಿಗೆ ಒಳಗೆ ಇದೆ. ಅದು ಹೊಸದರ ಹಾಗೇ ಇದೆ" ಎಂದ ತಮ್ಮ. "ಅದನ್ನ ಬಿಚ್ಚಿ ತರೋಕೆ ಹೋದ್ರೆ ಮುರಿಯೋ ಭಯ. ಪ್ರೆಸ್ ಯಂತ್ರದಲ್ಲಿ ಒತ್ತಿ ಕೂರಿಸಿದ್ದು."

ಅಕ್ಕ ಥಟ್ಟನೆ ತಲೆ ಎತ್ತಿದಳು. "ಬಿಚ್ಚೋದು ಯಾಕೆ? ಮೇಲಿನ ಹಲ್ಲು ಹೇಗಿರಬೇಕು ಅಂತ ಕೆಳಗಿನ ಹಲ್ಲೇ ಹೇಳುತ್ತೆ. ನಾನು ದಿನಾ ಮಾಡೋದು ಅದನ್ನೇ. ಅಚ್ಚು ತಗೊಂಡು ಬರ್ತೀನಿ."

ಅಜ್ಜ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ತಮ್ಮ ನಿಂತಲ್ಲೇ ನಗತೊಡಗಿದ. ಅಕ್ಕನೂ ನಕ್ಕಳು, ಮೂರು ದಿನದ ಮುನಿಸು ಅಲ್ಲಿಗೆ ಮುಗಿಯಿತು.

ಮಧ್ಯಾಹ್ನ ಕ್ಲಿನಿಕ್ಕಿನ ಬಾಗಿಲಿಗೆ ಚೀಟಿ ಅಂಟಿಸಿ ಇಬ್ಬರೂ ಜೀಪಿನ ಕೆಳಗೆ ಮಲಗಿದರು. ಪೆಟ್ಟಿಗೆಯ ಕೆಳಮುಚ್ಚಳ ಬಿಚ್ಚಿದಾಗ ಅಂಗೈ ಹಿಡಿಸುವಷ್ಟು ಕಿಂಡಿ. ಅಕ್ಕ ಹಲ್ಲು ನೋಡುವ ಉದ್ದ ಹಿಡಿಯ ಕನ್ನಡಿಯನ್ನು ಒಳಗೆ ತೂರಿಸಿ, ಪೆಟ್ರೋಲಿನಲ್ಲಿ ಅದ್ದಿದ ಹತ್ತಿಯಿಂದ ಎಣ್ಣೆ ಒರೆಸಿ, ಗಾಳಿ ಊದಿ ಒಣಗಿಸಿದಳು.

"ದೀಪ ಸ್ವಲ್ಪ ಎಡಕ್ಕೆ ಹಿಡಿ. ಇನ್ನೂ. ಅಲ್ಲಾಡಬೇಡ."

"ಬಾಯಿ ತೆಗೀಲಾ?" ಎಂದ ತಮ್ಮ.

"ನಿನ್ನದು ಮುಚ್ಚು."

ಹಲ್ಲಿನ ಅಚ್ಚಿಗೆ ಬಳಸುವ ಗುಲಾಬಿ ಬಣ್ಣದ ಹಿಟ್ಟನ್ನು ಕಲಸಿ, ಜೋಡಿ ಗೇರಿನ ನಾಲ್ಕು ಹಲ್ಲುಗಳ ಮೇಲೆ ಒತ್ತಿ ಹಿಡಿದಳು. ಐದು ನಿಮಿಷ. ಮೇಲ್ಮುಖವಾಗಿ ಚಾಚಿದ ಕೈ ಸೋಲತೊಡಗಿತು. ತಮ್ಮ ತನ್ನ ಇನ್ನೊಂದು ಕೈಯಿಂದ ಅವಳ ಮೊಣಕೈಯನ್ನು ಆತು ಹಿಡಿದ. ಬಿಡಿಸಿ ತೆಗೆದಾಗ ಅಚ್ಚು ತುಂಡಾಗದೆ ಬಂತು. ಓರೆ, ಬಾಗು, ಅಂಚು, ಒಂದೂ ಕಳೆದಿರಲಿಲ್ಲ. ಜೀಪಿನ ಕೆಳಗೇ ಮಲಗಿ ಇಬ್ಬರೂ ಅದನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ಆ ಅಚ್ಚಿನಿಂದ ಪ್ಲಾಸ್ಟರಿನಲ್ಲಿ ಎರಕ ಹೊಯ್ದದ್ದನ್ನು ಅಜ್ಜ ಕೈಗೆ ತೆಗೆದುಕೊಂಡರು. ಉಗುರಿನಿಂದ ಮುಟ್ಟಿದರು, ಅಳತೆ ಕಡ್ಡಿ ಇಟ್ಟರು, ಕಾಗದದ ಮೇಲೆ ಏನೋ ಗೀಚಿದರು. ಹತ್ತನೆಯ ದಿನ ಗೇರು ತಯಾರಾಯಿತು. ಅದನ್ನು ಕೂರಿಸಲು ಅಜ್ಜನೇ ಬಂದರು. "ಬೆಸುಗೆಯವರ ಕೈಗೆ ಗೇರು ಕೊಡೋದು ಅಂದ್ರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ" ಎಂದರು. ತಮ್ಮ ಅಂದು ಯಾವುದಕ್ಕೂ ಬೇಜಾರು ಮಾಡಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

"ಇನ್ನೂ ಬೆಂಕಿಗೆ ಕೊಟ್ಟು ಗಟ್ಟಿ ಮಾಡಿಲ್ಲ, ಮೆತ್ತಗಿದೆ. ಎಲ್ಲಾದ್ರೂ ಉಜ್ಜಿದ್ರೆ ಈಗ್ಲೇ ತಿದ್ದಬೇಕು" ಎಂದು ಅಜ್ಜ ಹೇಳುತ್ತಿದ್ದಂತೆಯೇ ಅಕ್ಕ ಕ್ಲಿನಿಕ್ಕಿನಿಂದ ತೆಳ್ಳನೆಯ ನೀಲಿ ಕಾಗದ ತಂದಳು. ಹೊಸದಾಗಿ ಕಟ್ಟಿದ ಹಲ್ಲು ಎಲ್ಲಿ ಎತ್ತರವಾಗಿದೆಯೆಂದು ನೋಡಲು ರೋಗಿಗಳಿಗೆ ಕಚ್ಚಿಸುವ ಕಾಗದ ಅದು. ಎರಡು ಗೇರುಗಳ ನಡುವೆ ಇಟ್ಟು ಮೆಲ್ಲನೆ ತಿರುಗಿಸಿದಾಗ ಮೂರು ಹಲ್ಲುಗಳ ತುದಿಯಲ್ಲಿ ಮಾತ್ರ ಗಾಢ ನೀಲಿ ಚುಕ್ಕೆ ಮೂಡಿತು.

"ನಾವು ನೀಲಿ ಬಣ್ಣ ಸವರಿ ನೋಡ್ತೀವಿ. ನೀವು ಕಾಗದ. ಎರಡೂ ಒಂದೇ ವಿದ್ಯೆ" ಎಂದರು ಅಜ್ಜ. ಅರ ತೆಗೆದುಕೊಂಡು ಮೂರೇ ಸಲ ಎಳೆದರು. ಚುಕ್ಕೆಗಳು ಹೋದವು.

ಗೇರನ್ನು ಕಾಯಿಸಿ ಗಟ್ಟಿಮಾಡಿಸಿ, ಪೆಟ್ಟಿಗೆ ಮುಚ್ಚಿ, ಎಣ್ಣೆ ತುಂಬಿ, ಮುಂದಿನ ಭಾನುವಾರ ಬೆಳಿಗ್ಗೆ ಮತ್ತೆ ಕ್ವಾರಿಗೆ ಹೋದರು. ಸ್ಟೀರಿಂಗ್ ಹಿಡಿದವಳು ಅಕ್ಕ, ಪಕ್ಕದಲ್ಲಿ ತಮ್ಮ. ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡು, ಜೀಪಿನ ದಾರಿ ಬಿಟ್ಟು ಪಕ್ಕದ ಬಂಡೆಗಳ ಮೇಲೆ ಮುಂದೆ ಮುಂದೆ ಹತ್ತುತ್ತಿದ್ದಳು. ಎರಡನೆಯ ಏರು ಬಂತು. ಅಕ್ಕ ಚಿಕ್ಕ ಲಿವರನ್ನು ಹಾಕಿದಳು. ಕಟ್ ಎಂದು ಒಳಗೆ ಏನೋ ಕಚ್ಚಿಕೊಂಡದ್ದು ಅಂಗೈಗೆ ತಿಳಿಯಿತು.

"ಕಚ್ಚಿತು" ಎಂದಳು.

"ಕ್ಲಚ್ ಮೇಲಿಂದ ಕಾಲು ತೆಗಿ. ಗಡಿಬಿಡಿ ಬೇಡ. ಅದೇ ಹತ್ತುತ್ತೆ."

ಹತ್ತಿತು. ಮುಂದಿನ ಚಕ್ರಗಳು ಕಲ್ಲನ್ನು ಹಿಡಿದು ಎಳೆದವು, ಹಿಂದಿನವು ದೂಡಿದವು. ಹಿಂದಿನ ಸಲ ನಿಂತಿದ್ದ ಜಾಗ ದಾಟಿತು. ಮೂರನೆಯ ಏರಿನ ಕೊರಕಲಿನಲ್ಲಿ ಜೀಪು ಎಷ್ಟು ವಾಲಿತೆಂದರೆ ಅಕ್ಕನ ಕಡೆಯ ಮುಂದಿನ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತಿರುಗಿತು. ಬಾನೆಟ್ಟಿನಾಚೆ ದಾರಿ ಕಾಣದೆ ಬರೀ ಆಕಾಶ ಕಂಡಿತು. ಕೇಳುತ್ತಿದ್ದದ್ದು ಸೀಟಿಯೊಂದೇ: ಚಿಕ್ಕದಾಗಿ ಎರಡು ಸಲ ಊದಿದರೆ ಬಾ, ಉದ್ದಕ್ಕೆ ಒಂದು ಸಲ ಊದಿದರೆ ನಿಲ್ಲು. ಎರಡು ಸಲ ಕೇಳಿತು. ಮತ್ತೆ ಎರಡು ಸಲ. ಅಕ್ಕ ಸ್ಟೀರಿಂಗನ್ನು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದಳು. ಚಕ್ರ ದಡ್ ಎಂದು ನೆಲಕ್ಕಿಳಿದು ಕಲ್ಲು ಕಚ್ಚಿತು. ತಮ್ಮ ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದ, ತಾನೇ ಜೀಪನ್ನು ಎತ್ತುತ್ತಿದ್ದಾನೇನೋ ಎಂಬಂತೆ.

ಒಮ್ಮೆಲೇ ಮೂತಿ ಕೆಳಗಿಳಿಯಿತು. ನೆಲ ಸಮತಟ್ಟಾಯಿತು. ನೆತ್ತಿ. ಕೆಳಗೆ ಇಡೀ ಊರು ಮಂಚದ ಮೇಲೆ ಹರವಿದ ಬಟ್ಟೆಯಂತೆ ಬಿದ್ದಿತ್ತು.

ಅಕ್ಕ ಎಂಜಿನ್ನು ನಿಲ್ಲಿಸಲಿಲ್ಲ. ಅವಳ ನಗು ಕಿವಿಯವರೆಗೆ ಹರಿದಿತ್ತು. ತಮ್ಮ ಕಂಬಿ ಬಿಟ್ಟು ಅಂಗೈ ನೋಡಿಕೊಂಡ. ಕಂಬಿಯ ಗುರುತು ಕೆಂಪಗೆ ಮೂಡಿತ್ತು. ಏದುಸಿರು ಬಿಡುತ್ತ ಮೇಲೆ ಬಂದ ಕಂಡಕ್ಟರು ಸೀಟಿ ಉಗುಳಿ, "ಅತ್ತಿಗೆ, ಇಳೀರಿ, ನಾನು ಈ ಸೀಟಿನಲ್ಲಿ ಕೂತು ನೋಡ್ಬೇಕು" ಎಂದಳು.

"ಇಳಿಸೋದು ನಾನೇ. ಕೆಳಗೆ ಹೋದ ಮೇಲೆ ನಿನ್ನ ಸರದಿ."

"ನಂದು ಯಾವಾಗ?" ಎಂದ ತಮ್ಮ.

"ಸುಳ್ಳು ಹೇಳಿದವರು ಕೊನೆಗೆ."

ಅಕ್ಕ ಮೊದಲ ಗೇರಿನಲ್ಲೇ, ಬ್ರೇಕಿಗೆ ಕಾಲು ತಾಗಿಸದೆ ಇಳಿಸಿದಳು. ಕಂಡಕ್ಟರು ತಾನು ಹತ್ತಿಸುವಾಗ ಪ್ರತಿ ಏರಿಗೂ ತನಗೆ ತಾನೇ "ರೈಟ್, ರೈಟ್" ಎಂದುಕೊಂಡಳು. ತಮ್ಮ ಎಲ್ಲರಿಗಿಂತ ಜೋರಾಗಿ ಹೋಗಿ ಬೈಸಿಕೊಂಡ. ಆಮೇಲೆ ಸರದಿಯ ಲೆಕ್ಕ ತಪ್ಪಿಹೋಯಿತು; ಯಾರು ಮೊದಲು ಸೀಟಿಗೆ ಹಾರಿದರೋ ಅವರದು. ಮಧ್ಯಾಹ್ನವಾಯಿತು, ಹಸಿವು ಯಾರಿಗೂ ನೆನಪಾಗಲಿಲ್ಲ. ಎಂಟನೆಯದೋ ಒಂಬತ್ತನೆಯದೋ ಸಲ ನೆತ್ತಿ ಮುಟ್ಟುತ್ತಿದ್ದಂತೆ ಎಂಜಿನ್ನು ಎರಡು ಬಾರಿ ಕೆಮ್ಮಿ ನಿಂತಿತು. ತಮ್ಮ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡಿದ. ಒಣಕಡ್ಡಿಯೇ ಮೇಲೆ ಬಂತು.

ಚಕ್ರಗಳಿಗೆ ಕಲ್ಲು ಕೊಟ್ಟು, ಜೀಪನ್ನು ಅಲ್ಲೇ ಬಿಟ್ಟು, ಮೂವರೂ ಖಾಲಿ ಡಬ್ಬಿ ಹಿಡಿದು ಇಳಿಯತೊಡಗಿದರು. ಕೊರಕಲಿನ ಹತ್ತಿರ ಅಕ್ಕ ನಿಂತು, ಚಕ್ರ ಗೀರಿದ ಕಲ್ಲುಗಳನ್ನು ಬಗ್ಗಿ ನೋಡಿ, "ಇನ್ನೂ ಸ್ವಲ್ಪ ಎಡದಿಂದ ಬಂದಿದ್ರೆ ಚಕ್ರ ಮೇಲೆ ಏಳ್ತಿರ್ಲಿಲ್ಲ" ಎಂದಳು. ತಮ್ಮ ಅದಕ್ಕೆ ಒಪ್ಪಲಿಲ್ಲ, ಬಲದಿಂದಲೇ ಬರಬೇಕೆಂದ. ಪೆಟ್ರೋಲ್ ಬಂಕು ಸಿಗುವವರೆಗೂ ಇಬ್ಬರೂ ಅದನ್ನೇ ವಾದಿಸಿದರು. ಕಂಡಕ್ಟರು ನಡುವೆ ಡಬ್ಬಿ ಬೀಸುತ್ತ, ಆದಷ್ಟು ಬೇಗ ಬೇಗ ನಡೆಯುತ್ತಿದ್ದಳು.